ಎರಡೂ ಫ್ಲಿಪ್ಪರ್ ಒಟ್ಟಿಗೆ ಎತ್ತಿದರೆ ಪಿನ್‌ಬಾಲ್ ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತಿದೆ: ಎಲ್ಲಿಂದ ಹುಡುಕಬೇಕು?

ನೆಲಮಾಳಿಗೆಯ ಆಟಗಾರ:

ಎಲ್ಲರಿಗೂ ನಮಸ್ಕಾರ. ನಾನು ಶಿಕಾಗೋ ನಗರದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿದ್ದೇನೆ. ಮನೆಯ ನೆಲಮಾಳಿಗೆಯಲ್ಲಿ 1992ರಲ್ಲಿ ತಯಾರಾದ ಒಂದು ಪಿನ್‌ಬಾಲ್ ಯಂತ್ರವಿದೆ. ಡಬ್ಲ್ಯೂಪಿಸಿ ಎಂದು ಕರೆಯುವ ಸರ್ಕ್ಯೂಟ್ ಬೋರ್ಡ್‌ಗಳ ತಲೆಮಾರಿಗೆ ಸೇರಿದ, ಚುಕ್ಕಿಗಳ ಪರದೆಯುಳ್ಳ ಯಂತ್ರ ಅದು. ಎರಡು ವರ್ಷಗಳ ಹಿಂದೆ ಒಬ್ಬ ಗೃಹಸ್ಥರಿಂದ ಕೊಂಡುಕೊಂಡೆ. ಮೊನ್ನೆ ಮೊನ್ನೆಯವರೆಗೆ ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು.

ಕಳೆದ ಒಂದು ತಿಂಗಳಿಂದ ಹೊಸದೊಂದು ತೊಂದರೆ ಶುರುವಾಗಿದೆ. ಯಂತ್ರವನ್ನು ಹಾಕಿದ ಮೊದಲ ಹದಿನೈದು ಇಪ್ಪತ್ತು ನಿಮಿಷ ಆಟ ಸರಿಯಾಗಿಯೇ ನಡೆಯುತ್ತದೆ. ಆಮೇಲೆ ಚೆಂಡನ್ನು ಹೊಡೆಯುವ ರೆಕ್ಕೆಗಳನ್ನು, ಅಂದರೆ ಫ್ಲಿಪ್ಪರ್‌ಗಳನ್ನು, ಎತ್ತುವ ಎಡಬಲದ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದ ಕ್ಷಣದಲ್ಲಿ ಪರದೆ ಕಪ್ಪಾಗುತ್ತದೆ, ದೀಪಗಳು ಒಮ್ಮೆ ಮಿಟುಕುತ್ತವೆ, ಯಂತ್ರ ಈಗಷ್ಟೇ ಹಾಕಿದಂತೆ ಮೊದಲಿನಿಂದ ತನ್ನ ಪರೀಕ್ಷೆಗಳನ್ನು ಆರಂಭಿಸುತ್ತದೆ. ಆಡುತ್ತಿದ್ದ ಆಟವೂ ಅಂಕಗಳೂ ಅಲ್ಲಿಗೇ ಹೋಗುತ್ತವೆ. ಒಂದೇ ಫ್ಲಿಪ್ಪರ್ ಬಳಸಿದರೆ ಹೀಗಾಗುವುದು ತೀರಾ ಅಪರೂಪ. ಇದರ ಜೊತೆಗೆ ಹಿಂಬದಿಯ ಪೆಟ್ಟಿಗೆಯಲ್ಲಿ, ಚಿತ್ರವಿರುವ ಗಾಜಿನ ಹಿಂದಿನ ದೀಪಗಳಲ್ಲಿ ಒಂದು ಸಾಲು ಉಳಿದವುಗಳಿಗಿಂತ ಮಂಕಾಗಿದೆ. ಈ ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ.

ಫ್ಯೂಸ್‌ಗಳನ್ನು ಒಂದೊಂದಾಗಿ ಹೊರತೆಗೆದು ಮಲ್ಟಿಮೀಟರ್‌ನಿಂದ ನೋಡಿದ್ದೇನೆ, ಯಾವುದೂ ಸುಟ್ಟಿಲ್ಲ. ಮನೆಗೆ ಬಂದು ನೋಡಿದ ರಿಪೇರಿಯವರೊಬ್ಬರು ಪವರ್ ಬೋರ್ಡನ್ನೇ ಬದಲಿಸಬೇಕೆಂದು ಐದು ನಿಮಿಷದಲ್ಲಿ ಹೇಳಿ ಹೋದರು. ಅವರು ಯಾವುದನ್ನೂ ಅಳೆದು ನೋಡಲಿಲ್ಲ, ಆದ್ದರಿಂದ ನನಗೆ ಅದು ಒಪ್ಪಿಗೆಯಾಗಲಿಲ್ಲ. ನನಗೆ ಬೆಸುಗೆ ಹಾಕುವುದು ಬರುತ್ತದೆ, ಮಲ್ಟಿಮೀಟರ್ ಇದೆ, ತಾಳ್ಮೆಯೂ ಇದೆ. ಆದರೆ ಇಷ್ಟೊಂದು ತಂತಿಗಳ ನಡುವೆ ಎಲ್ಲಿಂದ ಆರಂಭಿಸಬೇಕೆಂಬುದು ಗೊತ್ತಿಲ್ಲ. ನನ್ನ ಮಗಳು ಈ ಯಂತ್ರವನ್ನು ಬಹಳ ಹಚ್ಚಿಕೊಂಡಿದ್ದಾಳೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಹಳೆಯ ಬೆಸುಗೆಗಾರ:

ನಮಸ್ಕಾರ. ತಾವು ವಿವರಿಸಿದ ಲಕ್ಷಣ ಈ ತಲೆಮಾರಿನ ಯಂತ್ರಗಳಿಗೆ ವಯಸ್ಸಾದಂತೆ ಬರುವ ಅತ್ಯಂತ ಪರಿಚಿತ ತೊಂದರೆ. ಅಳೆಯದೆ ಬೋರ್ಡ್ ಬದಲಿಸಲು ತಾವು ಒಪ್ಪದಿದ್ದುದು ಒಳ್ಳೆಯದಾಯಿತು. ಮೊದಲು ಹೀಗೇಕಾಗುತ್ತದೆ ಎಂಬುದನ್ನು ಹೇಳುತ್ತೇನೆ. ಅದು ಮನಸ್ಸಿನಲ್ಲಿ ಕೂತರೆ ಎಲ್ಲಿ ಅಳೆಯಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಯಂತ್ರದ ಮಿದುಳಾದ ಸಿಪಿಯು ಬೋರ್ಡ್ 5 ವೋಲ್ಟ್‌ಗಳಲ್ಲಿ ಕೆಲಸ ಮಾಡುತ್ತದೆ. ಆ ಬೋರ್ಡಿನಲ್ಲಿ ಯು10 ಎಂಬ ಜಾಗದಲ್ಲಿ ಎಂಸಿ34064 ಎಂಬ ಮೂರು ಕಾಲಿನ ಚಿಕ್ಕ ಬಿಡಿಭಾಗವೊಂದಿದೆ. 5 ವೋಲ್ಟ್ ಎಂದಾದರೂ ಸುಮಾರು 4.6 ವೋಲ್ಟ್‌ಗಿಂತ ಕೆಳಗಿಳಿದರೆ, ಅದು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತಾದರೂ ಸರಿ, ಇದು ಇಡೀ ಯಂತ್ರವನ್ನು ನಿಲ್ಲಿಸಿ ಮೊದಲಿನಿಂದ ಆರಂಭಿಸುತ್ತದೆ. ಅಂದರೆ ನಿಮ್ಮ ಯಂತ್ರ ಕೆಡುತ್ತಿಲ್ಲ, ಕಾವಲುಗಾರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದಾನೆ. ಈ ಭಾಗವನ್ನು ಕಿತ್ತುಹಾಕಿದರೆ ತೊಂದರೆ ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ವೋಲ್ಟೇಜ್ ಸಾಲದೆ ಪ್ರೊಸೆಸರ್ ದಾರಿ ತಪ್ಪಿದಾಗ ಯಾವುದಾದರೊಂದು ಕಾಯಿಲ್, ಅಂದರೆ ಭಾಗಗಳನ್ನು ಎಳೆಯುವ ತಂತಿಯ ಸುರುಳಿ, ಎಳೆದುಕೊಂಡೇ ಉಳಿದು ಸುಟ್ಟುಹೋಗುವ ಅಪಾಯವಿದೆ.

ಇನ್ನು ಫ್ಲಿಪ್ಪರ್‌ಗೂ 5 ವೋಲ್ಟಿಗೂ ಏನು ನಂಟು ಎಂಬ ಪ್ರಶ್ನೆ. ಫ್ಲಿಪ್ಪರ್ ಕಾಯಿಲಿನ ಬಲವಾದ ಸುತ್ತಿನ ರೋಧ ಕೇವಲ ನಾಲ್ಕು ಓಮ್ ಆಸುಪಾಸಿನದು, ಅದಕ್ಕೆ ಸಿಗುವುದು 50 ವೋಲ್ಟ್‌ಗೂ ಮೀರಿದ ನೇರ ವಿದ್ಯುತ್ (ಡಿಸಿ). ರೆಕ್ಕೆ ಮೇಲೆದ್ದು ತುದಿಯ ಸ್ವಿಚ್ ಸೂಚನೆ ಕೊಡುವವರೆಗಿನ ಆ ಸ್ವಲ್ಪ ಹೊತ್ತಿನಲ್ಲಿ ಒಂದೊಂದು ಕಾಯಿಲ್ ಹತ್ತು ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಎರಡೂ ಒಟ್ಟಿಗೆ ಎದ್ದರೆ ಅದರ ಎರಡು ಪಟ್ಟು. ಕಾಯಿಲಿನ ವಿದ್ಯುತ್ತೂ ಮಿದುಳಿನ ವಿದ್ಯುತ್ತೂ ಬರುವುದು ಕ್ಯಾಬಿನೆಟ್ಟಿನ ತಳದಲ್ಲಿರುವ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ. ಫ್ಲಿಪ್ಪರ್ ಎಳೆದಾಗ ಟ್ರಾನ್ಸ್‌ಫಾರ್ಮರ್‌ಗೆ ಬರುವ ವೋಲ್ಟೇಜೇ ಕ್ಷಣಕಾಲ ಕುಸಿಯುತ್ತದೆ. ಆರೋಗ್ಯವಾಗಿರುವ ಯಂತ್ರದಲ್ಲಿ ಈ ಕುಸಿತವನ್ನು ನುಂಗಿಕೊಳ್ಳುವಷ್ಟು ಮಿಗತೆ ಇರುತ್ತದೆ. ನಿಮ್ಮ ಯಂತ್ರದಲ್ಲಿ ಆ ಮಿಗತೆಯನ್ನು ಯಾರೋ ಮೊದಲೇ ತಿಂದಿದ್ದಾರೆ. ಯಾರು ತಿಂದರೆಂದು ಹುಡುಕುವುದೇ ನಮ್ಮ ಕೆಲಸ.

ಹಾದಿ ಹೀಗಿದೆ. ಗೋಡೆಯ ಪ್ಲಗ್‌ನಿಂದ ಬಂದ ವಿದ್ಯುತ್ ಯಂತ್ರದ ಮುಂಬಾಗಿಲ ಬಳಿಯ ಲೋಹದ ಪೆಟ್ಟಿಗೆಯಲ್ಲಿ ಸ್ವಿಚ್, ಮುಖ್ಯ ಫ್ಯೂಸ್, ಹಾಕಿದ ಕ್ಷಣದ ನುಗ್ಗುವಿಕೆಯನ್ನು ತಡೆಯುವ ಥರ್ಮಿಸ್ಟರ್ ಇವುಗಳನ್ನು ದಾಟಿ ಟ್ರಾನ್ಸ್‌ಫಾರ್ಮರ್ ಸೇರುತ್ತದೆ. ಅಲ್ಲಿಂದ ಸುಮಾರು 9 ವೋಲ್ಟ್ ಎಸಿ ಹಿಂಬದಿಯ ಪೆಟ್ಟಿಗೆಗೆ ಏರಿ, ಜೆ101 ಕನೆಕ್ಟರ್ ಮೂಲಕ ಪವರ್ ಡ್ರೈವರ್ ಬೋರ್ಡಿಗೆ ಬರುತ್ತದೆ. ಅಲ್ಲಿ ಎಫ್113 ಫ್ಯೂಸ್, ಎಸಿಯನ್ನು ಡಿಸಿ ಮಾಡುವ ಬಿಆರ್2 ಎಂಬ ಬ್ರಿಜ್ ರೆಕ್ಟಿಫೈಯರ್, ವಿದ್ಯುತ್ತನ್ನು ತುಂಬಿಟ್ಟುಕೊಂಡು ಏರಿಳಿತ ತಗ್ಗಿಸುವ ಸಿ5 ಎಂಬ 15,000 ಮೈಕ್ರೋಫ್ಯಾರಡ್ ಕೆಪಾಸಿಟರ್, ಕೊನೆಗೆ ವೋಲ್ಟೇಜನ್ನು 5ಕ್ಕೆ ಹಿಡಿದಿಡುವ ಎಲ್‌ಎಂ323ಕೆ ರೆಗ್ಯುಲೇಟರ್. ರೆಗ್ಯುಲೇಟರ್ ಕೊಟ್ಟ 5 ವೋಲ್ಟ್ ಜೆ114ರಿಂದ ಹೊರಟು ಸಿಪಿಯು ಬೋರ್ಡಿನ ಜೆ210ನ್ನು ಸೇರುತ್ತದೆ.

ಈಗ ಅಳತೆ. ಕೆಳಗಿನ ಲೋಹದ ಪೆಟ್ಟಿಗೆಯಲ್ಲೂ ಟ್ರಾನ್ಸ್‌ಫಾರ್ಮರ್ ಬಳಿಯೂ ಮನೆಯ ವಿದ್ಯುತ್ ನೇರವಾಗಿ ಇರುತ್ತದೆ, ಚುಕ್ಕಿ ಪರದೆಯ ಬೋರ್ಡಿನಲ್ಲಿ 100 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ. ಯಂತ್ರ ಚಾಲೂ ಇರುವಾಗ ಒಂದು ಕೈಯಷ್ಟೇ ಒಳಗಿರಲಿ, ಉಂಗುರ ಮತ್ತು ಕೈಗಡಿಯಾರವನ್ನು ತೆಗೆದಿಡಿ. ಆಫ್ ಮಾಡಿದ ಮೇಲೂ ದೊಡ್ಡ ಕೆಪಾಸಿಟರ್‌ಗಳು ಇಳಿಯಲು ಕೆಲವು ನಿಮಿಷ ಕಾಯಿರಿ.

ಮೊದಲು ಗೋಡೆಯ ಪ್ಲಗ್‌ನಲ್ಲಿ ಅಳೆಯಿರಿ. ಅಮೆರಿಕದಲ್ಲಿ 114ರಿಂದ 126 ವೋಲ್ಟ್‌ವರೆಗೆ ಸಹಜ. ಯಂತ್ರಕ್ಕೆ ಎಕ್ಸ್‌ಟೆನ್ಷನ್ ತಂತಿ ಹಾಕಿದ್ದರೆ ಅದನ್ನು ತೆಗೆದು ನೇರವಾಗಿ ಸಿಕ್ಕಿಸಿ. ಮನೆಯ ಅದೇ ವಿದ್ಯುತ್ ಸಾಲಿನಲ್ಲಿ ಫ್ರೀಜರ್ ಅಥವಾ ತೇವ ಹೀರುವ ಯಂತ್ರ ಇದ್ದರೆ ಅದನ್ನೂ ಗಮನಿಸಿ. ಎರಡನೆಯದಾಗಿ ಪವರ್ ಡ್ರೈವರ್ ಬೋರ್ಡಿನಲ್ಲಿ ಟಿಪಿ2 ಎಂಬ ಅಳತೆಯ ಬಿಂದು ಮತ್ತು ನೆಲದ (ಗ್ರೌಂಡ್) ಬಿಂದುವಾದ ಟಿಪಿ5ರ ನಡುವೆ 5 ವೋಲ್ಟನ್ನು ಓದಿ. ಮೂರನೆಯದಾಗಿ ಅದೇ 5 ವೋಲ್ಟನ್ನು ಸಿಪಿಯು ಬೋರ್ಡಿನ ಮೇಲೆ, ಯಾವುದಾದರೂ ಚಿಪ್ಪಿನ ಕಾಲಿನಲ್ಲೇ ಓದಿ. ಎರಡರ ನಡುವೆ 0.05 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಧ್ಯದ ಕನೆಕ್ಟರ್‌ಗಳು ಕಳ್ಳರು. ಇದನ್ನು ಎಷ್ಟೋ ಮಂದಿ ಅಳೆಯುವುದೇ ಇಲ್ಲ. ಟಿಪಿ2ರಲ್ಲಿ ಸರಿಯಾದ ಅಂಕಿ ನೋಡಿ ವಿದ್ಯುತ್ ಚೆನ್ನಾಗಿದೆ ಎಂದುಕೊಂಡುಬಿಡುತ್ತಾರೆ.

ನಾಲ್ಕನೆಯದು ಸಿ5. ಅದರ ಎರಡು ಕಾಲುಗಳ ನಡುವೆ ಮೊದಲು ಡಿಸಿ, ಆಮೇಲೆ ಮೀಟರನ್ನು ಎಸಿಗೆ ತಿರುಗಿಸಿ ಅದನ್ನೂ ಬರೆದುಕೊಳ್ಳಿ. ಲೆಕ್ಕ ಸರಳವಾಗಿದೆ. 9 ವೋಲ್ಟ್ ಎಸಿಯ ಶಿಖರ ಸುಮಾರು 12.7 ವೋಲ್ಟ್. ಬ್ರಿಜ್ಜಿನ ಎರಡು ಡಯೋಡ್‌ಗಳು ಎರಡು ವೋಲ್ಟಿನಷ್ಟು ತೆಗೆದುಕೊಂಡರೂ ಸಿ5ರಲ್ಲಿ 10 ವೋಲ್ಟ್ ಆಸುಪಾಸು ಉಳಿಯಬೇಕು. ಎಲ್‌ಎಂ323ಕೆಗೆ 5 ವೋಲ್ಟನ್ನು ಹಿಡಿದಿಡಲು ಕನಿಷ್ಠ 7.5 ವೋಲ್ಟ್ ಬೇಕು. ಇವೆರಡರ ನಡುವಿನ ಅಂತರವೇ ನಾನು ಹೇಳಿದ ಮಿಗತೆ. ಇನ್ನು ಎಸಿ ಅಂಕಿ ಹೇಳುವುದು ಬೇರೆ ಕಥೆ. 60 ಹರ್ಟ್ಸ್‌ನಲ್ಲಿ ಬ್ರಿಜ್ ಸೆಕೆಂಡಿಗೆ 120 ಬಾರಿ ಕೆಪಾಸಿಟರನ್ನು ತುಂಬುತ್ತದೆ. ಒಂದು ತುಂಬುವಿಕೆಗೂ ಇನ್ನೊಂದಕ್ಕೂ ನಡುವೆ 8.3 ಮಿಲಿಸೆಕೆಂಡ್. 2 ಆಂಪಿಯರ್ ಎಳೆತಕ್ಕೆ ಅಷ್ಟರಲ್ಲಿ 1.1 ವೋಲ್ಟ್ ಇಳಿಯುತ್ತದೆ, ಮೀಟರ್ ಅದನ್ನು 0.3 ಎಸಿ ವೋಲ್ಟ್ ಎಂಬಂತೆ ತೋರಿಸುತ್ತದೆ. ಅದು 0.6ಕ್ಕೋ ಅದಕ್ಕೂ ಮೇಲಕ್ಕೋ ಹೋದರೆ ಬ್ರಿಜ್ಜಿನ ಅರ್ಧ ಸತ್ತಿದೆ ಇಲ್ಲವೇ ಕೆಪಾಸಿಟರ್ ಒಣಗಿದೆ ಎಂದು ಅನುಮಾನಿಸಬೇಕು.

ಎಲ್ಲವನ್ನೂ ಎರಡು ಬಾರಿ ಅಳೆಯಿರಿ. ಹಾಕಿದ ಕೂಡಲೇ ಒಮ್ಮೆ, ಅರ್ಧ ಗಂಟೆ ಬಿಸಿಯಾದ ಮೇಲೆ ಮತ್ತೊಮ್ಮೆ.

ಎರಡು ಯಂತ್ರಗಳ ಒಡೆಯ:

ಹಿರಿಯರ ವಿವರಣೆ ಸರಿಯಾಗಿದೆ, ಆದರೆ ನನ್ನ ಅನುಭವದಲ್ಲಿ ಇಷ್ಟೆಲ್ಲ ಅಳತೆಯ ಅಗತ್ಯ ಬೀಳಲಿಲ್ಲ. ನನ್ನ ಎರಡು ಯಂತ್ರಗಳಲ್ಲಿಯೂ ಇದೇ ತೊಂದರೆ ಬಂದಿತ್ತು. ಬಿಆರ್2 ಮತ್ತು ಸಿ5 ಎರಡನ್ನೂ ಬದಲಿಸಿದೆ, ಸರಿಹೋಯಿತು. ಎರಡೂ ಕಡಿಮೆ ಬೆಲೆಯ ಬಿಡಿಭಾಗಗಳು. ಮೂವತ್ತು ವರ್ಷ ದಾಟಿದ ಕೆಪಾಸಿಟರನ್ನು ಹೇಗೂ ಒಂದು ದಿನ ಬದಲಿಸಲೇಬೇಕಲ್ಲವೇ? ತಾವು ಅದನ್ನೇ ಮೊದಲು ಮಾಡಿ ನೋಡಬಹುದು.

ಹಳೆಯ ಬೆಸುಗೆಗಾರ:

ತಮ್ಮ ಯಂತ್ರಗಳಲ್ಲಿ ಅವೇ ಕೆಟ್ಟಿದ್ದವು, ಆದ್ದರಿಂದ ಅವನ್ನು ಬದಲಿಸಿದಾಗ ಸರಿಹೋಯಿತು. ಇವರ ಯಂತ್ರದಲ್ಲಿಯೂ ಅವೇ ಕೆಟ್ಟಿವೆ ಎನ್ನಲು ನಮ್ಮ ಬಳಿ ಇನ್ನೂ ಒಂದು ಅಂಕಿಯೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಬಾರದು.

ನಾನು ಹಿಂದೇಟು ಹಾಕುವುದು ಬಿಡಿಭಾಗದ ಬೆಲೆಗಲ್ಲ, ಬೋರ್ಡಿನ ಆರೋಗ್ಯಕ್ಕೆ. ಬಿಆರ್2ರ ಕಾಲುಗಳು ದಪ್ಪ, ಅವು ಕೂತಿರುವ ರಂಧ್ರಗಳ ಒಳಗೋಡೆಯ ತಾಮ್ರ ತೆಳು. ಆ ತಾಮ್ರವೇ ಬೋರ್ಡಿನ ಮೇಲ್ಬದಿ ಮತ್ತು ಕೆಳಬದಿಯ ಗೆರೆಗಳನ್ನು ಜೋಡಿಸುತ್ತದೆ. ಹಳೆಯ ಬ್ರಿಜ್ಜನ್ನು ಕಾಯಿಸಿ ಎಳೆಯುವಾಗ ಅದು ಕಾಲಿನ ಜೊತೆಗೇ ಕಳಚಿ ಬಂದರೆ, ಹೊಸ ಬ್ರಿಜ್ ಹಾಕಿದ ಮೇಲೆ ಹೊರನೋಟಕ್ಕೆ ಬೆಸುಗೆ ಥಳಥಳಿಸುತ್ತಿದ್ದರೂ ಒಳಗೆ ಸಂಪರ್ಕವೇ ಇರುವುದಿಲ್ಲ. ಹೀಗೆ ಒಂದು ತೊಂದರೆಯನ್ನು ಎರಡು ಮಾಡಿಕೊಂಡ ಬೋರ್ಡ್‌ಗಳು ನನ್ನ ಮೇಜಿಗೆ ಬಹಳ ಬಂದಿವೆ. ಬದಲಿಸಲೇಬೇಕಾದಾಗ ಕಾಲುಗಳನ್ನು ಮೊದಲು ಮೇಲಿನಿಂದ ಕತ್ತರಿಸಿ, ಒಂದೊಂದನ್ನೇ ಬಿಸಿ ಮಾಡಿ ತೆಗೆಯಬೇಕು. ಆಮೇಲೆ ಬ್ರಿಜ್ಜಿನ ಡಿಸಿ ಕಾಲುಗಳಿಂದ ಸಿ5ರ ಕಾಲುಗಳಿಗೆ ಬೋರ್ಡಿನ ಹಿಂಬದಿಯಲ್ಲಿ ದಪ್ಪ ತಂತಿಯನ್ನು ನೇರವಾಗಿ ಬೆಸೆಯುವುದು ಕ್ಷೇಮ. ಈ ಯಂತ್ರಗಳನ್ನು ತಯಾರಿಸಿದ ವಿಲಿಯಮ್ಸ್ ಸಂಸ್ಥೆ 1999ರ ಅಕ್ಟೋಬರ್‌ನಲ್ಲಿಯೇ ಪಿನ್‌ಬಾಲ್ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಮೂಲ ಬೋರ್ಡ್‌ಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ. ಇರುವುದನ್ನು ಜೋಪಾನ ಮಾಡಿಕೊಳ್ಳಬೇಕು.

ನೆಲಮಾಳಿಗೆಯ ಆಟಗಾರ:

ಇಬ್ಬರಿಗೂ ಧನ್ಯವಾದಗಳು. ಶನಿವಾರ ಬೆಳಿಗ್ಗೆ ಮಗಳು ಟಾರ್ಚ್ ಹಿಡಿದು ಅಂಕಿಗಳನ್ನು ಬರೆದುಕೊಂಡಳು, ನಾನು ಅಳೆದೆ.

ಗೋಡೆಯಲ್ಲಿ 119 ವೋಲ್ಟ್ ಇದೆ. ತೇವ ಹೀರುವ ಯಂತ್ರದ ಕಂಪ್ರೆಸರ್ ಶುರುವಾದಾಗ 116ಕ್ಕೆ ಇಳಿಯುತ್ತದೆ. ಅವೆರಡೂ ಒಂದೇ ಸಾಲಿನಲ್ಲಿರುವುದು ನನಗೆ ಇಂದೇ ತಿಳಿದದ್ದು. ಯಂತ್ರ ತಣ್ಣಗಿರುವಾಗ ಟಿಪಿ2ರಲ್ಲಿ 4.98, ಸಿಪಿಯು ಬೋರ್ಡಿನ ಚಿಪ್ಪಿನಲ್ಲಿ 4.84. ಅರ್ಧ ಗಂಟೆಯ ಬಳಿಕ ಟಿಪಿ2ರಲ್ಲಿ 4.97, ಚಿಪ್ಪಿನಲ್ಲಿ 4.78. ಫ್ಲಿಪ್ಪರ್‌ಗಳನ್ನು ಬಡಿದಾಗ ಚಿಪ್ಪಿನ ಅಂಕಿ 4.7ರ ಕೆಳಗೆ ಒಮ್ಮೆ ಮಿಂಚಿ ಮಾಯವಾಯಿತು, ಮರುಕ್ಷಣ ಯಂತ್ರ ಆರಿತು. ಸಿ5ರಲ್ಲಿ ತಣ್ಣಗಿರುವಾಗ 9.2 ವೋಲ್ಟ್ ಡಿಸಿ, ಬಿಸಿಯಾದ ಮೇಲೆ 8.6. ಎಸಿ ಅಂಕಿ ಎರಡೂ ಸಲ 0.34.

ಮತ್ತೊಂದು ಸಂಗತಿ. ಜೆ101ರ ಬಿಳಿ ಪ್ಲಾಸ್ಟಿಕ್ ಎರಡು ತಂತಿಗಳ ಬಳಿ ಚಹಾದ ಕಲೆಯಂತೆ ಕಂದಾಗಿದೆ. ಅದಕ್ಕೆ ಅರ್ಥವಿದೆಯೇ?

ಹಳೆಯ ಬೆಸುಗೆಗಾರ:

ಆ ಕಂದು ಕಲೆಗೆ ಬಹಳ ಅರ್ಥವಿದೆ. ತಮ್ಮ ಅಂಕಿಗಳು ಇಬ್ಬರು ಕಳ್ಳರನ್ನು ತೋರಿಸುತ್ತಿವೆ.

ಎಸಿ ಅಂಕಿ 0.34 ಎಂದರೆ ಬ್ರಿಜ್ಜೂ ಕೆಪಾಸಿಟರೂ ತಮ್ಮ ಕೆಲಸವನ್ನು ಮಾಡುತ್ತಿವೆ. ಅವನ್ನು ಮುಟ್ಟಬೇಡಿ. ಆದರೆ ಡಿಸಿ 8.6 ಇದೆ, ಅದೂ ಬಿಸಿಯಾದಂತೆ ಇಳಿಯುತ್ತಿದೆ. ಅಂದರೆ ಬ್ರಿಜ್ಜಿಗೆ ಬರುವ ಎಸಿಯೇ ಕಡಿಮೆ. ಅಲೆಯ ತಗ್ಗಿನಲ್ಲಿ ಸಿ5 ಆಗಲೇ 8ರ ಹತ್ತಿರವಿರುತ್ತದೆ. ಫ್ಲಿಪ್ಪರ್ ಎಳೆದ ಕ್ಷಣ ಅದು 7.5ರ ಕೆಳಗಿಳಿದು ರೆಗ್ಯುಲೇಟರ್ ಸೋಲುತ್ತದೆ. ಇವನು ಮೊದಲನೆಯ ಕಳ್ಳ. ಟಿಪಿ2ಕ್ಕೂ ಚಿಪ್ಪಿಗೂ ನಡುವೆ 0.19 ವೋಲ್ಟ್ ಕಾಣೆಯಾಗುತ್ತಿದೆ, ಅವನು ಎರಡನೆಯವನು. ಒಬ್ಬನೇ ಇದ್ದಿದ್ದರೆ ಯಂತ್ರ ಬಹುಶಃ ತಾಳಿಕೊಳ್ಳುತ್ತಿತ್ತು.

ಇನ್ನೊಂದು ಅಳತೆ ಉಳಿದಿದೆ. ಯಂತ್ರ ಬಿಸಿಯಾಗಿ ನಡೆಯುತ್ತಿರುವಾಗ ಮೀಟರನ್ನು ಎಸಿಗಿಟ್ಟು, ಒಂದು ಮೊನೆಯನ್ನು ಜೆ101ರ ಕಂದಾದ ತಂತಿಯ ಲೋಹಕ್ಕೆ, ಇನ್ನೊಂದನ್ನು ಅದೇ ತಂತಿ ಬೋರ್ಡಿಗೆ ಸೇರುವ ಬೆಸುಗೆಗೆ ಹಿಡಿಯಿರಿ. ಒಳ್ಳೆಯ ಸಂಪರ್ಕದಲ್ಲಿ ಸೊನ್ನೆಗೆ ಹತ್ತಿರ ಬರಬೇಕು. ಅಲ್ಲಿ ಏನಾದರೂ ಕಂಡರೆ, ಕಂಡಷ್ಟೂ ವೋಲ್ಟ್ ಶಾಖವಾಗಿ ಆ ಪ್ಲಾಸ್ಟಿಕ್ಕನ್ನು ಸುಡುತ್ತಿದೆ. ಬಿಸಿಯಾದ ಪಿನ್ನಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದಂತೆ ಇನ್ನಷ್ಟು ಬಿಸಿಯಾಗುತ್ತದೆ. ಇಪ್ಪತ್ತು ನಿಮಿಷದ ಬಳಿಕವೇ ತೊಂದರೆ ಕಾಣುತ್ತಿರುವುದು ಈ ಕಾರಣಕ್ಕೆ.

ದುರಸ್ತಿ ಮಾಡುವಾಗ ಬೋರ್ಡಿನ ಮೇಲಿನ ಪಿನ್ನುಗಳ ಸಾಲು ಮತ್ತು ತಂತಿಯ ಬದಿಯ ಗೂಡು ಎರಡನ್ನೂ ಬದಲಿಸಿ. ಒಂದು ಬದಿಯನ್ನು ಮಾತ್ರ ಬದಲಿಸಿದರೆ ಸುಟ್ಟ ಬದಿ ಹೊಸದನ್ನೂ ಸುಡುತ್ತದೆ. ಮರಳುಕಾಗದದಿಂದ ಉಜ್ಜಬೇಡಿ, ಪಿನ್ನಿನ ಮೇಲಿನ ತವರದ ಲೇಪ ಹೋದರೆ ಕೆಲವೇ ತಿಂಗಳಲ್ಲಿ ಮತ್ತೆ ಕಂದಾಗುತ್ತದೆ. 0.156 ಇಂಚು ಅಂತರದ ಗೂಡು, ಒಂದೊಂದು ತಂತಿಗೂ ಬಿಡಿಯಾಗಿ ಒತ್ತಿ ಕೂರಿಸುವ, ಪಿನ್ನನ್ನು ಮೂರು ಕಡೆಯಿಂದ ಹಿಡಿಯುವ ಟ್ರೈಫರ್ಕಾನ್ ಮಾದರಿಯ ತುದಿಗಳು, ಅವನ್ನು ಒತ್ತಲು ತಕ್ಕ ಕ್ರಿಂಪಿಂಗ್ ಇಕ್ಕಳ ಇವಿಷ್ಟನ್ನು ತರಿಸಿಕೊಳ್ಳಿ. ಜೆ114 ಮತ್ತು ಜೆ210ರ ಹಿಂಬದಿಯ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಂಡರೆ ಬೆಸುಗೆ ಬಿರುಕು ಬಿಟ್ಟಿದೆ ಎಂದರ್ಥ.

ಮಂಕಾದ ದೀಪಸಾಲಿಗೂ ಇದೇ ಜಾತಿಯ ಕಾಯಿಲೆ ಇರಬಹುದು. ಆ ದೀಪಗಳ 6.3 ವೋಲ್ಟ್ ಎಸಿ ಜೆ115ರಲ್ಲಿ ಬೋರ್ಡಿಗೆ ಬಂದು ಜೆ120, ಜೆ121ರಿಂದ ಹೊರಡುತ್ತದೆ. 44ನೇ ಸಂಖ್ಯೆಯ ಬಲ್ಬ್ ಒಂದಕ್ಕೆ 250 ಮಿಲಿಆಂಪಿಯರ್ ಬೇಕು. ಒಂದು ಸಾಲಿನಲ್ಲಿ ಹದಿನೆಂಟು ಬಲ್ಬ್‌ಗಳಿದ್ದರೆ 4.5 ಆಂಪಿಯರ್ ಆಯಿತು, ಅದರ ಫ್ಯೂಸ್ ಇರುವುದೇ 5 ಆಂಪಿಯರ್‌ನದು. 47ನೇ ಸಂಖ್ಯೆಯ ಬಲ್ಬ್ 150ಕ್ಕೇ ತೃಪ್ತಿಪಡುತ್ತದೆ, ಎಲ್‌ಇಡಿಗೆ ಅದಕ್ಕಿಂತಲೂ ಬಹಳ ಕಡಿಮೆ ಸಾಕು. ಅಲ್ಲಿನ ಕನೆಕ್ಟರ್‌ಗಳನ್ನೂ ನೋಡಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಹೆಚ್ಚು ಆಂಪಿಯರ್‌ನದನ್ನು ಎಂದಿಗೂ ಹಾಕಬೇಡಿ.

ಬಸವನಗುಡಿಗೆ ಮರಳಿದವರು:

ಈ ಚರ್ಚೆ ನನಗೆ ಬಹಳ ಉಪಯೋಗವಾಯಿತು. ನಾನು ಕ್ಯಾಲಿಫೋರ್ನಿಯಾದಿಂದ ಬೆಂಗಳೂರಿಗೆ ಮರಳುವಾಗ ಇದೇ ತಲೆಮಾರಿನ ಯಂತ್ರವೊಂದನ್ನು ಮನೆಯ ಸಾಮಾನುಗಳ ಜೊತೆ ಕಂಟೇನರ್‌ನಲ್ಲಿ ತಂದಿದ್ದೇನೆ. ಟ್ರಾನ್ಸ್‌ಫಾರ್ಮರ್‌ನ ಜಂಪರ್ ತಂತಿಗಳನ್ನು ಕೈಪಿಡಿಯಲ್ಲಿರುವಂತೆ ಬದಲಿಸಿ 230 ವೋಲ್ಟಿಗೆ ಹೊಂದಿಸಲಾಗಿದೆ. ಹಗಲು ಆಟ ಚೆನ್ನಾಗಿಯೇ ನಡೆಯುತ್ತದೆ. ಕರೆಂಟ್ ಹೋಗಿ ಮನೆಯ ಇನ್ವರ್ಟರ್‌ಗೆ ಬಂದಾಗ ಮಾತ್ರ, ಯಂತ್ರ ಫ್ಲಿಪ್ಪರ್ ಮುಟ್ಟುವುದಕ್ಕೂ ಮೊದಲೇ ಆರಿ ಹೊತ್ತಿಕೊಳ್ಳಲು ಶುರುಮಾಡುತ್ತದೆ. ಇನ್ವರ್ಟರ್‌ನ ಹೊರಗೆ ಮೀಟರ್ 220ಕ್ಕೂ ಹೆಚ್ಚು ತೋರಿಸುತ್ತಿದೆ. ವೋಲ್ಟೇಜ್ ಇದ್ದೂ ಹೀಗೇಕೆ?

ಹಳೆಯ ಬೆಸುಗೆಗಾರ:

ತಮ್ಮದು ಸ್ಕ್ವೇರ್ ವೇವ್ ಮಾದರಿಯ ಇನ್ವರ್ಟರ್ ಇರಬೇಕು. ಮನೆಯ ವಿದ್ಯುತ್ತಿನ ಅಲೆ 230 ವೋಲ್ಟ್ ಎಂದರೆ ಅದರ ಶಿಖರ 325ರವರೆಗೆ ಏರುತ್ತದೆ. ಬ್ರಿಜ್ ಮತ್ತು ಕೆಪಾಸಿಟರ್ ಹಿಡಿದುಕೊಳ್ಳುವುದು ಆ ಶಿಖರವನ್ನು, ಸರಾಸರಿಯನ್ನಲ್ಲ. ಚೌಕ ಅಲೆಯಲ್ಲಿ ಶಿಖರವೇ ಇಲ್ಲ, 230 ಎಂದರೆ 230 ಅಷ್ಟೆ. ಅಂದರೆ 9 ವೋಲ್ಟಿನ ಸುತ್ತಿನಲ್ಲಿ 12.7ರ ಬದಲು 9 ಸಿಗುತ್ತದೆ, ಡಯೋಡ್‌ಗಳ ಪಾಲು ಕಳೆದರೆ ಸಿ5ಕ್ಕೆ ಉಳಿಯುವುದು 7. ರೆಗ್ಯುಲೇಟರ್‌ಗೆ ಬೇಕಾದ 7.5 ಅಲ್ಲಿ ಇಲ್ಲವೇ ಇಲ್ಲ. ಯಂತ್ರದಲ್ಲಿ ಯಾವ ದೋಷವೂ ಇರಲಾರದು. ಶುದ್ಧ ಸೈನ್ ವೇವ್ ಇನ್ವರ್ಟರ್ ಬಳಸಿ, ಇಲ್ಲವೇ ಕರೆಂಟ್ ಬರುವವರೆಗೆ ಯಂತ್ರವನ್ನು ಆರಿಸಿಡಿ.

ಜಂಪರ್ ಬದಲಿಸಿದಾಗ ಇನ್ನು ಮೂರು ಕೆಲಸಗಳು ಆಗಿವೆಯೇ ಎಂಬುದನ್ನೂ ನೋಡಿಬಿಡಿ. ಲೋಹದ ಪೆಟ್ಟಿಗೆಯೊಳಗೆ ತಂತಿಗಳ ನಡುವೆ, ವೋಲ್ಟೇಜ್ ಮಿತಿಮೀರಿದಾಗ ಯಂತ್ರವನ್ನು ಕಾಯುವ ಬಿಲ್ಲೆಯಂಥ ವೇರಿಸ್ಟರ್ ಒಂದಿರುತ್ತದೆ. 120 ವೋಲ್ಟಿನ ಮನೆಗೆಂದು ಹಾಕಿದ್ದು 230ರಲ್ಲಿ ಸಿಡಿಯುತ್ತದೆ. ಇಷ್ಟು ದಿನ ನಡೆದಿದೆ ಎಂದರೆ ಯಾರೋ ಅದನ್ನು ಬದಲಿಸಿರಬೇಕು ಅಥವಾ ಕಿತ್ತುಹಾಕಿರಬೇಕು. ಕಿತ್ತುಹಾಕಿದ್ದರೆ 230ಕ್ಕೆ ತಕ್ಕದ್ದನ್ನು ಹಾಕಿ. ಮುಖ್ಯ ಫ್ಯೂಸನ್ನೂ 230 ವೋಲ್ಟಿಗೆ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಇಳಿಸಬೇಕು. ಅದೇ ಪೆಟ್ಟಿಗೆಯಲ್ಲಿ ರಿಪೇರಿಯವರ ಅನುಕೂಲಕ್ಕೆಂದು ಅಮೆರಿಕದ ಮಾದರಿಯ ಪ್ಲಗ್ ಸಾಕೆಟ್ ಇದ್ದರೆ ಅದರಲ್ಲಿ ಈಗ 230 ವೋಲ್ಟ್ ಇದೆ. ಅಲ್ಲಿಂದ ತಂದ ಬೆಸುಗೆ ಕಡ್ಡಿಯನ್ನು ಮರೆತೂ ಅದಕ್ಕೆ ಸಿಕ್ಕಿಸಬೇಡಿ. ಮೂರನೆಯ ಪಿನ್ನಿಗೆ ನಿಜವಾದ ಅರ್ತ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಆಟವಾಡುವವರ ಎರಡೂ ಕೈಗಳು ಲೋಹದ ಪಟ್ಟಿಗಳ ಮೇಲೆಯೇ ಇರುತ್ತವೆ.

50 ಹರ್ಟ್ಸ್‌ನಲ್ಲಿ ಸಿ5 ಎರಡು ತುಂಬುವಿಕೆಗಳ ನಡುವೆ 8.3ರ ಬದಲು 10 ಮಿಲಿಸೆಕೆಂಡ್ ತಾಳಬೇಕು, ಆದ್ದರಿಂದ ಅಲ್ಲಿನ ಮಿಗತೆ ಶಿಕಾಗೋದವರಿಗಿಂತ ಸ್ವಲ್ಪ ಕಡಿಮೆ. ನಿಮ್ಮ ಕೆಪಾಸಿಟರ್ ಹಳೆಯದಾಗಿದ್ದರೆ ಅದರ ಮೇಲೆ ಕಣ್ಣಿಟ್ಟಿರಿ.

ನೆಲಮಾಳಿಗೆಯ ಆಟಗಾರ:

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ, ಬಿಡಿಭಾಗಗಳು ಬರುವುದು ತಡವಾಯಿತು.

ಹೇಳಿದ ಹಾಗೆ ಜೆ101ರ ಎರಡು ಬದಿಗಳ ನಡುವೆ ಅಳೆದೆ. ಒಂದು ತಂತಿಯಲ್ಲಿ 0.7, ಇನ್ನೊಂದರಲ್ಲಿ 0.5 ವೋಲ್ಟ್ ಕಾಣಿಸಿತು. ಟ್ರಾನ್ಸ್‌ಫಾರ್ಮರ್ ಕೊಟ್ಟ 9.2 ವೋಲ್ಟಿನಲ್ಲಿ 1.2 ವೋಲ್ಟ್ ಆ ಬೆರಳಗಲದ ಕನೆಕ್ಟರ್‌ನಲ್ಲೇ ಮುಗಿಯುತ್ತಿತ್ತು. ಗೂಡನ್ನು ಎಳೆದಾಗ ಒಂದು ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಪುಡಿಪುಡಿಯಾಗಿ ಕೈಗೆ ಬಂತು. ಎರಡೂ ಬದಿಗಳನ್ನು ಬದಲಿಸಿದೆ. ಕ್ರಿಂಪಿಂಗ್ ಮೊದಲ ನಾಲ್ಕು ತುದಿಗಳಲ್ಲಿ ಸರಿಬರಲಿಲ್ಲ, ತಂತಿಯನ್ನು ಮೆಲ್ಲಗೆ ಎಳೆದರೆ ಕಳಚುತ್ತಿತ್ತು. ಐದನೆಯದರಿಂದ ಕೈ ಕೂತಿತು, ಮೊದಲಿನವನ್ನೂ ಕತ್ತರಿಸಿ ಮತ್ತೆ ಮಾಡಿದೆ. ಸಿಪಿಯು ಬೋರ್ಡಿನ ಹಿಂದೆ ಜೆ210ರ ಮೂರು ಪಿನ್ನುಗಳ ಸುತ್ತ ಆ ಕಪ್ಪು ಉಂಗುರವನ್ನು ಮಗಳೇ ಮೊದಲು ಕಂಡದ್ದು. ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದನ್ನು ಹಾಕಿದೆ.

ಈಗ ಬಿಸಿಯಾದ ಮೇಲೂ ಸಿ5ರಲ್ಲಿ 10.3 ವೋಲ್ಟ್ ನಿಲ್ಲುತ್ತದೆ. ಟಿಪಿ2ರಲ್ಲಿ 4.98, ಚಿಪ್ಪಿನಲ್ಲಿ 4.95. ಬಿಆರ್2 ಮತ್ತು ಸಿ5 ಕಾರ್ಖಾನೆಯಿಂದ ಬಂದವೇ ಇವೆ. ತೇವ ಹೀರುವ ಯಂತ್ರವನ್ನು ಬೇರೆ ಸಾಲಿಗೆ ಬದಲಿಸಿದ್ದೇನೆ. ನಿನ್ನೆ ಸಂಜೆ ಎರಡು ಗಂಟೆ ಆಡಿದೆವು, ಬೇಕೆಂದೇ ಎರಡೂ ಗುಂಡಿಗಳನ್ನು ಬಡಿದು ನೋಡಿದೆವು, ಯಂತ್ರ ಒಮ್ಮೆಯೂ ಆರಲಿಲ್ಲ.

ಮಂಕಾದ ಸಾಲಿನ ಕನೆಕ್ಟರ್ ಜೆ120 ಕೂಡ ಒಂದು ಮೂಲೆಯಲ್ಲಿ ಕಂದಾಗಿದೆ. ಅದಕ್ಕೆ ಬೇಕಾದ ಗೂಡು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಆ ಸಾಲಿನ ಫ್ಯೂಸನ್ನು ತೆಗೆದಿಟ್ಟಿದ್ದೇನೆ.

ಹಳೆಯ ಬೆಸುಗೆಗಾರ:

ಫ್ಯೂಸ್ ತೆಗೆದಿಟ್ಟದ್ದು ಸರಿಯಾಯಿತು. ಜೆ120ನ್ನು ಬದಲಿಸುವಾಗ ಜೆ115ನ್ನೂ ಕಳಚಿ ಒಳಗಿನ ಪಿನ್ನುಗಳ ಬಣ್ಣವನ್ನು ನೋಡಿ, ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತಿರುತ್ತದೆ. ಸಿಪಿಯು ಬೋರ್ಡಿನಲ್ಲಿರುವ ಮೂರು ಬ್ಯಾಟರಿಗಳು ಎಷ್ಟು ಹಳೆಯವು ಎಂಬುದನ್ನೂ ಅದೇ ದಿನ ಗಮನಿಸಿ. ಅವು ಸೋರಿದರೆ ಕೆಳಗಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತವೆ, ಅದರ ದುರಸ್ತಿ ಇದಕ್ಕಿಂತ ಬಹಳ ಕಷ್ಟ. ಅಳತೆಗಳನ್ನು ಬರೆದ ಆ ಹಾಳೆಯನ್ನು ಮಡಿಸಿ ನಾಣ್ಯದ ಬಾಗಿಲಿನ ಒಳಗೆ ಇಟ್ಟಿರಿ, ಮುಂದಿನ ಸಲ ಯಂತ್ರ ತೆರೆದಾಗ ಹೋಲಿಸಿ ನೋಡಲು ಬೇಕಾಗುತ್ತದೆ.